ಕೃಷ್ಣರಾಜನ ಹಟ್ಟಿ

ಕೃಷ್ಣರಾಜನೂ ನಾನೂ ಹದಿಮೂರು ವರ್ಷ ಒಂದೇ ಮೇಜಿನ ಎರಡು ಬದಿಗೆ ಕೂತು ದುಡಿದವರು. ಮಣಿಪಾಲದ ಒಂದು ಮುದ್ರಣಾಲಯದಲ್ಲಿ ನಮ್ಮದು ಕರಡು ತಿದ್ದುವ ಕೆಲಸ. ನಾನು ಹಸ್ತಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಿದ್ದೆ. ಅವನು ಕರಡಿನ ಮೇಲೆ ಕಣ್ಣು ಓಡಿಸುತ್ತ ತಪ್ಪು ಕಂಡಲ್ಲಿ ಅಂಚಿನಲ್ಲಿ ಗುರುತು ಹಾಕುತ್ತಿದ್ದ. ಕಳೆದ ವರ್ಷ, ಎಂಬತ್ತೆಂಟರ ಜೂನ್‌ನಲ್ಲಿ ಅವನು ತೀರಿಕೊಂಡ. ನಲವತ್ತಮೂರು ವಯಸ್ಸು. ಅವನು ಏನು ಮಾಡಹೊರಟಿದ್ದ, ಅದು ಹೇಗೆ ಆಗದೆ ಹೋಯಿತು ಎಂಬುದನ್ನು ಪೂರ್ತಿ ಬಲ್ಲವರು ಅವನ ಹೆಂಡತಿಯನ್ನು ಬಿಟ್ಟರೆ ನಾನೊಬ್ಬನೇ ಇರಬೇಕು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಎಪ್ಪತ್ತಾರರ ಸುಮಾರಿಗೆ ಅವನು ಮೇಜಿನ ಮೇಲಿನ ಚಹಾದ ಗ್ಲಾಸು ಉರುಳಿಸತೊಡಗಿದ. ವಾರಕ್ಕೊಮ್ಮೆ ಆಗುವುದು, ಆಮೇಲೆ ಎರಡು ಸಲ. ಕರಡಿನಲ್ಲಿ ಅಕ್ಷರ ತಪ್ಪುತ್ತಿರಲಿಲ್ಲ, ಅದರಲ್ಲಿ ಅವನು ನನಗಿಂತ ಚುರುಕು. ಆದರೆ ಒಂದು ಸಾಲು ಮುಗಿಸಿ ಮುಂದಿನ ಸಾಲಿನ ತಲೆ ಹುಡುಕಲು ತಡಕಾಡುತ್ತಿದ್ದ. ಸಾಲಿನ ಕೆಳಗೆ ಒಂದು ಮರದ ಪಟ್ಟಿ ಇಟ್ಟುಕೊಂಡ. ಸಂಜೆ ಬಸ್ ನಿಲ್ದಾಣಕ್ಕೆ ನಡೆಯುವಾಗ ನನ್ನ ತೋಳು ಹಿಡಿದುಕೊಳ್ಳುತ್ತಿದ್ದ. ಸ್ನೇಹದಿಂದ ಎಂದೇ ನಾನು ತಿಳಿದಿದ್ದೆ.

ಒಂದು ದಿನ ಅವನೇ ಹೇಳಿದ. "ಕಣ್ಣಿನ ಡಾಕ್ಟ್ರು ನೋಡಿದರು. ರಾತ್ರಿ ಕಾಣುವುದು ಮೊದಲು ಹೋಗ್ತದಂತೆ, ಅದು ಹೋಗಿ ಆಯ್ತು. ಆಮೇಲೆ ಬದಿಯಿಂದ ಹೋಗ್ತಾ ಬರ್ತದೆ. ಈಗ ನನಗೆ ಒಂದು ಬಿದಿರಿನ ಅಂಡೆಯ ಒಳಗಿಂದ ನೋಡಿದ ಹಾಗೆ. ಅಂಡೆ ಸಣ್ಣದಾಗ್ತಾ ಹೋಗ್ತದೆ."

"ಮದ್ದು?"

"ಇಲ್ಲ. ನನ್ನ ಸೋದರಮಾವನಿಗೂ ಇತ್ತು. ಅವರನ್ನು ನಾವು ಮಕ್ಕಳೆಲ್ಲ ಕೈ ಹಿಡಿದು ಊಟಕ್ಕೆ ಕೂರಿಸುತ್ತಿದ್ದೆವು."

"ಎಷ್ಟು ದಿನ ಇದೆಯಂತೆ?"

"ಏಳೆಂಟು ವರ್ಷ ಅಂದರು. ಹತ್ತೂ ಆಗಬಹುದು. ಕಣ್ಣಿಲ್ಲದವನನ್ನು ಯಾವ ಪ್ರೆಸ್ಸಿನವರು ಇಟ್ಟುಕೊಳ್ತಾರೆ ಹೇಳು. ಅದಕ್ಕೆ ಒಂದು ಯೋಚನೆ ಮಾಡಿದ್ದೇನೆ."

ಯೋಚನೆ ದನದ್ದು. ಅವನ ಊರಾದ ಇನ್ನಂಜೆಯಲ್ಲಿ ಅವರ ಗದ್ದೆಯೆಲ್ಲ ಭೂಸುಧಾರಣೆಯಲ್ಲಿ ಗೇಣಿದಾರ ಭೋಜನಿಗೆ ಹೋಗಿತ್ತು. ಮನೆ, ಸುತ್ತಲಿನ ಮುಕ್ಕಾಲು ಎಕರೆ ತೆಂಗಿನ ಹಿತ್ತಿಲು, ಒಂದು ಹಟ್ಟಿ ಉಳಿದಿದ್ದವು. ಹಟ್ಟಿ ಎಂದರೆ ನಮ್ಮಲ್ಲಿ ದನದ ಕೊಟ್ಟಿಗೆ. ಊರಿನ ಗಿಡ್ಡ ದನ ಒಂದು ಹೊತ್ತಿಗೆ ಒಂದು ಕುಡ್ತೆ, ಒಂದು ಲೋಟದಷ್ಟು, ಹಾಲು ಕೊಟ್ಟರೆ ಹೆಚ್ಚು. ಮಿಶ್ರತಳಿಯ ಜೆರ್ಸಿ ಎಂಟು ಹತ್ತು ಲೀಟರು ಕೊಡುತ್ತದೆ ಎಂದು ಆಗಷ್ಟೇ ಕೇಳಿಬರುತ್ತಿತ್ತು. ಹಾಲಿನ ಸೊಸೈಟಿ ಊರಿಗೆ ಬಂದಿತ್ತು. ಅಂಥ ನಾಲ್ಕು ದನ ಹಟ್ಟಿಯಲ್ಲಿ ನಿಂತರೆ, ಹೆಂಡತಿ ನಳಿನಾಕ್ಷಿಯ ಮೇಷ್ಟ್ರಿಕೆಯ ಸಂಬಳವೂ ಸೇರಿ ಮನೆ ನಡೆಯುತ್ತದೆ. ಕಣ್ಣು ಹೋಗುವ ಮೊದಲು ನಾಲ್ಕು ದನ. ಅವನಿಗೆ ಬೇಕಾದದ್ದು ಇಷ್ಟೇ.

"ಹಾಲು ಕರೆಯಲು ಕಣ್ಣು ಎಂತಕ್ಕೆ? ನಮ್ಮ ಅಮ್ಮ ಕಣ್ಣು ಮುಚ್ಚಿ ಸ್ತೋತ್ರ ಹೇಳುತ್ತಲೇ ಕರೆಯುವುದು. ಹಿಂಡಿ ಕಲಸುವುದು ಕೈಯಲ್ಲಿ. ಸೆಗಣಿ ತೆಗೆಯುವುದು ಕಾಲಿಗೇ ಗೊತ್ತಾಗ್ತದೆ," ಎಂದು ನಕ್ಕ. ನಾನೂ ನಕ್ಕೆ. ಪ್ರೆಸ್ಸಿನಲ್ಲಿ ಯಾರಿಗೂ ಹೇಳಬೇಡ ಎಂದ. ನಾನು ಹೇಳಲಿಲ್ಲ. ಅಂದಿನಿಂದ ಓದುವಾಗ ಪ್ರತಿ ಸಾಲು ಮುಗಿದಲ್ಲಿ ಸ್ವಲ್ಪ ನಿಲ್ಲುತ್ತಿದ್ದೆ, ಅವನಿಗೆ ಮುಂದಿನ ಸಾಲು ಸಿಗುವವರೆಗೆ. ಪಕ್ಕದ ಮೇಜಿನವರು ನನ್ನನ್ನು ನೋಡಿ, ಜನಾರ್ದನನಿಗೆ ಉಬ್ಬಸ ಶುರುವಾಗಿದೆ ಎಂದುಕೊಂಡರು.

ಎಪ್ಪತ್ತೇಳರಲ್ಲಿ ಒಂದು ಭಾನುವಾರ ಅವನ ಜೊತೆ ಕಾರ್ಕಳದ ಬಸ್ಸು ಹಿಡಿದು ನಿಟ್ಟೆಗೆ ಹೋದೆ. ಅಲ್ಲಿ ಎಡ್ಮಂಡ್ ಎಂಬವರ ಮನೆಯಲ್ಲಿ ಜೆರ್ಸಿ ಮಿಶ್ರ ದನಗಳಿದ್ದವು. ಎಡ್ಮಂಡ್ ದೊಡ್ಡ ಹೊಟ್ಟೆಯ, ಸದಾ ಮಾತಾಡುವ ಮನುಷ್ಯ. ಕಂದು ಬಣ್ಣದ ಒಂದು ದನವನ್ನು ಅಂಗಳಕ್ಕೆ ತಂದು ನಿಲ್ಲಿಸಿ, "ಇದು ರೋಜಿ. ಹೆಣ್ಣುಮಕ್ಕಳಷ್ಟೇ ಮರ್ಯಾದಿ ಉಂಟು ಇದಕ್ಕೆ," ಎಂದರು. ಕೃಷ್ಣರಾಜ ದನದ ಮುಖಕ್ಕೆ ತೀರಾ ಹತ್ತಿರ ಹೋಗಿ ನಿಂತ. ಅದರ ಕಿವಿ, ಕುತ್ತಿಗೆ, ಬೆನ್ನು ಎಲ್ಲ ಕೈಯಲ್ಲಿ ಸವರುತ್ತ ಕೆಚ್ಚಲಿನವರೆಗೆ ಬಂದ.

"ಭಟ್ರೆ, ನೀವು ದನ ನೋಡುವುದಾ, ಮಸಾಜು ಮಾಡುವುದಾ?"

"ನೋಡುವುದೇ."

"ನೋಡಿ ನೋಡಿ. ಇಷ್ಟು ಹೊತ್ತು ನಾನು ನನ್ನ ಹೆಂಡತಿಯನ್ನೂ ನೋಡಲಿಲ್ಲ ಮದುವೆಗೆ ಮೊದಲು." ಒಳಗಿನಿಂದ ಅವರ ಹೆಂಡತಿ ಕೊಂಕಣಿಯಲ್ಲಿ ಏನೋ ಗದರಿದರು. ಎಡ್ಮಂಡ್ ದನಿ ತಗ್ಗಿಸಿ, "ಒಂದು ಮಾತು ಭಟ್ರೆ. ಇದನ್ನು ಊರಿನ ದನದ ಹಾಗೆ ಬಿಟ್ಟರೆ ಆಗ್ಲಿಕ್ಕಿಲ್ಲ. ಹಗಲು ಮನೆಯಲ್ಲಿ ಒಬ್ಬರು ಬೇಕು. ಯಾರು ಇದ್ದಾರೆ?" ಎಂದು ಕೇಳಿದರು.

"ಅಮ್ಮ ಇದ್ದಾರೆ."

"ಹಾಗಾದರೆ ಅಡ್ಡಿ ಇಲ್ಲ."

ಅಮ್ಮ ಎಂದರೆ ನರ್ಮದಮ್ಮ. ಮಡಿಯ ಹೆಂಗಸು. ದನ ಲಾರಿಯಿಂದ ಇಳಿದ ದಿನವೇ ಅದಕ್ಕೆ ಅರಶಿನ ಕುಂಕುಮ ಹಚ್ಚಿ ರುಕ್ಮಿಣಿ ಎಂದು ಹೆಸರಿಟ್ಟರು. ದನ ಆ ಹೆಸರಿಗೆ ಕಿವಿಯನ್ನೂ ಆಡಿಸಲಿಲ್ಲ. ತಿಂಗಳೊಳಗೆ ಮಡಿಸೀರೆ ಉಟ್ಟು ಹಟ್ಟಿಯ ಬಾಗಿಲಲ್ಲಿ ನಿಂತು, "ರೋಜೀ, ಬಾ ಮಗಾ," ಎಂದು ಅವರೇ ಕರೆಯುತ್ತಿದ್ದರು. ಮಠದಿಂದ ಬಂದ ನೆಂಟರೊಬ್ಬರು ಇದೇನು ಹೆಸರು ಎಂದು ಮುಖ ಸಿಂಡರಿಸಿದಾಗ, "ಹಾಲು ಬಿಳಿಯೇ ಉಂಟು, ಕುಡಿಯಿರಿ," ಎಂದರಂತೆ.

ನಾಲ್ಕು ವರ್ಷ ಚೆನ್ನಾಗಿಯೇ ನಡೆಯಿತು. ಬೆಳಿಗ್ಗೆ ಕೃಷ್ಣರಾಜ ಹಾಲು ಕರೆದು ಸೊಸೈಟಿಗೆ ಕೊಟ್ಟು ಶಂಕರಪುರದ ದಾರಿಯ ಬಸ್ಸಿನಲ್ಲಿ ಮಣಿಪಾಲಕ್ಕೆ ಬರುತ್ತಿದ್ದ. ನಳಿನಾಕ್ಷಿಯ ಶಾಲೆ ಹೆಜಮಾಡಿಯಲ್ಲಿ. ಏಳೂಕಾಲರ ಬಸ್ಸು ತಪ್ಪಿದರೆ ಹಾಜರಿ ತಪ್ಪಿದಂತೆ. ಅವರಿಗೆ ಮಕ್ಕಳಿರಲಿಲ್ಲ. ಹಗಲಿಡೀ ಹಟ್ಟಿ ನರ್ಮದಮ್ಮನದು. ನೀರು ಕುಡಿಸುವುದು, ಭೋಜನ ಹೆಂಡತಿ ಚಂಪಾ ತಂದ ಹುಲ್ಲನ್ನು ಹಂಚಿ ಹಾಕುವುದು, ಎಲ್ಲಕ್ಕಿಂತ ಮುಖ್ಯವಾಗಿ ದನ ಬೆದೆಗೆ ಬಂದು ಕೂಗಿದರೆ ಕಾಪುವಿನಿಂದ ಬಂದು ಗಬ್ಬದ ಇಂಜೆಕ್ಷನ್ ಕೊಡುವವನಿಗೆ ಹೇಳಿಕಳಿಸುವುದು. ಎಪ್ಪತ್ತೆಂಟರಲ್ಲಿ ಹೆಣ್ಣು ಕರು ಹುಟ್ಟಿತು. ಮುಂದಿನದ್ದು ಗಂಡು. ಅದಕ್ಕೆ ಬೆನ್ನ ಮೇಲೆ ಹಿಣಿಲಿಲ್ಲ, ನೊಗ ಕೂರುವುದಿಲ್ಲ. ಭೋಜ ಸುಮ್ಮನೆ ಕೊಟ್ಟರೂ ಬೇಡವೆಂದ. ಎಂಬತ್ತೊಂದರ ಹೊತ್ತಿಗೆ ರೋಜಿ ಮತ್ತೆ ಆರು ತಿಂಗಳ ಗಬ್ಬ, ಇನ್ನೂ ಹಾಲು ಬತ್ತಿರಲಿಲ್ಲ. ಅದರ ಮಗಳು ಬೆಳೆದು ಗಬ್ಬಕ್ಕೆ ಸಿದ್ಧವಾದ ಕಡಸು.

"ಒಂದು ನಿಂತಿದೆ, ಒಂದು ಬಾಗಿಲಲ್ಲಿದೆ, ಒಂದು ಹೊಟ್ಟೆಯಲ್ಲಿದೆ," ಎಂದು ಕೃಷ್ಣರಾಜ ಮೇಜಿನ ಮೇಲೆ ಮೂರು ಸೀಸದಕಡ್ಡಿ ಇಟ್ಟು ತೋರಿಸಿದ. ಆಗ ಅವನಿಗೆ ಒಂದು ಸಲಕ್ಕೆ ನಾಲ್ಕೈದು ಅಕ್ಷರ ಮಾತ್ರ ಕಾಣುತ್ತಿತ್ತು.

ಆ ಫೆಬ್ರವರಿಯಲ್ಲಿ ನರ್ಮದಮ್ಮ ತೀರಿಕೊಂಡರು. ಎರಡು ದಿನದ ಜ್ವರ, ಅಷ್ಟೇ.

ಹದಿಮೂರನೆಯ ದಿನದ ಊಟಕ್ಕೆ ನಾನೂ ಹೋಗಿದ್ದೆ. ಎಂಬತ್ತು ತೊಂಬತ್ತು ಜನ ಇದ್ದರು. ಊಟಕ್ಕೆ ಮೊದಲು ಒಂದು ಎಲೆಯಲ್ಲಿ ಬಡಿಸಿದ್ದರಲ್ಲಿ ಸ್ವಲ್ಪ ತೆಗೆದು ದನಕ್ಕೆ ಕೊಡುವುದು ಕ್ರಮ, ಗೋಗ್ರಾಸ ಎನ್ನುತ್ತಾರೆ. ಪುರೋಹಿತರು ಹೇಳಿದಂತೆ ಕೃಷ್ಣರಾಜ ಒಂದು ತುತ್ತು ಕೊಟ್ಟು ಬಂದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮೊದಲ ಪಂಕ್ತಿ ಎದ್ದ ಮೇಲೆ, ಕಾರ್ಕಳದಿಂದ ಬಂದಿದ್ದ ಅವನ ಚಿಕ್ಕಮ್ಮ ಕೈಯಲ್ಲಿ ಎರಡು ಹೋಳಿಗೆ, ಒಂದು ಎಲೆಯಲ್ಲಿ ಪಾಯಸ ಕಲಸಿದ ಅನ್ನ ಹಿಡಿದುಕೊಂಡು ಹಟ್ಟಿಯ ಕಡೆ ಹೊರಟರು. "ನಮ್ಮಕ್ಕ ಇದ್ದಿದ್ದರೆ ಮೊದಲು ಇದಕ್ಕೇ ಕೊಡುತ್ತಿದ್ದಳು," ಎಂದು ಕಣ್ಣೊರೆಸಿಕೊಂಡರು. ಅವರನ್ನು ನೋಡಿ ಇನ್ನಿಬ್ಬರು ಹೊರಟರು. ನರ್ಮದಮ್ಮನ ಕೈಯಲ್ಲಿ ಉಣ್ಣದವರು ಅಲ್ಲಿ ಯಾರೂ ಇರಲಿಲ್ಲ. ಒಬ್ಬೊಬ್ಬರೂ ಒಂದೊಂದು ಹಿಡಿ.

ಕೃಷ್ಣರಾಜ ಹಟ್ಟಿಯ ಬಾಗಿಲಲ್ಲಿ ನಿಂತಿದ್ದ. "ಸಾಕು ಚಿಕ್ಕಮ್ಮ. ಅದಕ್ಕೆ ಅನ್ನ ಆಗುವುದಿಲ್ಲ," ಎಂದು ಅವನು ಹೇಳಿದ್ದು ನಾನು ಕೇಳಿದ್ದೇನೆ.

"ಇವತ್ತೊಂದು ದಿನ ಬೇಡ ಅನ್ನಬಾರದು ಮಗಾ. ಇದು ಹೋದವಳ ಬಾಯಿಗೆ ಹೋಗುವುದು."

"ಡಾಕ್ಟ್ರು ಹೇಳಿದ್ದಾರೆ..."

"ಒಂದು ಹಿಡಿಯಲ್ಲಿ ಎಂತ ಆಗ್ತದೆ?"

ಅವನು ಬದಿಗೆ ಸರಿದು ದಾರಿ ಬಿಟ್ಟ. ತಾಯಿಯ ಹೆಸರಿನಲ್ಲಿ ಕೊಡುವುದನ್ನು ತಡೆಯುವ ಮಗ ನಮ್ಮಲ್ಲಿ ಇರುವುದಿಲ್ಲ. ಎರಡನೆಯ ಪಂಕ್ತಿಯಲ್ಲಿ ಉಂಡ ನಾನೂ ಒಂದು ಹಿಡಿ ಅನ್ನ ತೆಗೆದುಕೊಂಡು ಹೋಗಿ ರೋಜಿಯ ಬಾಯಿಗೆ ಕೊಟ್ಟೆ. ಅದು ನಾಲಿಗೆ ಚಾಚಿ ನನ್ನ ಬೆರಳುಗಳ ಸಂದಿಯವರೆಗೆ ನೆಕ್ಕಿತು.

ಸಂಜೆಗೆ ದನ ಮೇವು ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಎಡ ಹೊಟ್ಟೆ ಉಬ್ಬಿ ಮಲಗಿತ್ತು. ಪಶುವೈದ್ಯರು ಬರುವಾಗ ಮಧ್ಯಾಹ್ನವಾಗಿತ್ತು. ಅನ್ನವೂ ಬೆಲ್ಲವೂ ದನದ ಹೊಟ್ಟೆಯಲ್ಲಿ ಹುಳಿಯಾಗಿ ವಿಷವಾಗುತ್ತದೆ ಎಂದರು. ಸೋಡಾಪುಡಿ ಕುಡಿಸಿದರು, ಸೂಜಿ ಕೊಟ್ಟರು. ಮೂರನೆಯ ದಿನ ರೋಜಿ ಸತ್ತಿತು, ಹೊಟ್ಟೆಯ ಕರುವಿನೊಂದಿಗೆ. ಭೋಜ ಇಬ್ಬರನ್ನು ಕರೆದುಕೊಂಡು ಬಂದು ತೆಂಗಿನ ಬುಡದಲ್ಲಿ ಹೊಂಡ ತೋಡಿದ.

ನೆಂಟರು ಸಮಾಧಾನ ಹೇಳಿ ಕಾಗದ ಬರೆದರು. ನರ್ಮದಮ್ಮ ತನ್ನ ದನವನ್ನು ತನ್ನೊಟ್ಟಿಗೆ ಕರೆಸಿಕೊಂಡರು, ಎಂಥ ಪುಣ್ಯ ಎಂದು. ಕೃಷ್ಣರಾಜ ಆ ಕಾಗದಗಳನ್ನು ನನ್ನಿಂದ ಓದಿಸಿದ. ಓದಿ ಮುಗಿದ ಮೇಲೆ ಹೇಳಿದ: "ನಾನು ಬಾಗಿಲಲ್ಲೇ ನಿಂತಿದ್ದೆ ಮಾರಾಯ. ನನಗೆ ಒಂದು ಕೈ ಕಾಣುತ್ತಿತ್ತು, ಒಂದು ಹಿಡಿ ಅನ್ನ ಕಾಣುತ್ತಿತ್ತು. ಅದು ಹೋದ ಮೇಲೆ ಇನ್ನೊಂದು. ಒಟ್ಟು ಎಷ್ಟು ಕೈ ಅಂತ ಕಾಣಲಿಲ್ಲ."

ಅದರಲ್ಲಿ ಒಂದು ನನ್ನದು ಎಂದು ನಾನು ಅವನಿಗೆ ಹೇಳಲಿಲ್ಲ. ಕೊನೆಯವರೆಗೂ ಹೇಳಲಿಲ್ಲ.

ರೋಜಿ ಸತ್ತದ್ದಕ್ಕಿಂತ ದೊಡ್ಡ ನಷ್ಟ ಯಾವುದೆಂದು ನಮಗೆ ತಿಳಿಯಲು ಒಂದು ವರ್ಷ ಬೇಕಾಯಿತು. ಹಗಲು ಮನೆಯಲ್ಲಿ ಈಗ ಯಾರೂ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ಬಾಗಿಲಿಗೆ ಬೀಗ ಹಾಕಿ ಬಸ್ಸು ಹತ್ತುತ್ತಿದ್ದರು. ಕಡಸು ಬೆದೆಗೆ ಬರುವುದು ಇಪ್ಪತ್ತೊಂದು ದಿನಕ್ಕೊಮ್ಮೆ, ಅದೂ ಒಂದೇ ದಿನ. ಸಂಜೆ ಮನೆಗೆ ಬಂದರೆ ಚಂಪಾ ಬೇಲಿಯಾಚೆಯಿಂದ, "ಟೀಚರ್, ನಿಮ್ಮ ದನ ಬೆಳಿಗ್ಗೆಯಿಂದ ಕೂಗ್ತಾ ಇತ್ತು. ನಾನು ಗದ್ದೆ ನಟ್ಟಿಗೆ ಹೋಗಿದ್ದೆ, ಎಂತ ಮಾಡುವುದು," ಎನ್ನುತ್ತಿದ್ದಳು. ಮರುದಿನ ರಜೆ ಹಾಕಿ ಇಂಜೆಕ್ಷನ್ ಕೊಡುವವನನ್ನು ಕರೆಸಿದರೆ ಅವನು ಮುಟ್ಟಿ ನೋಡಿ, ಹೊತ್ತು ಮೀರಿದೆ ಎಂದು ಸೈಕಲ್ಲು ತಿರುಗಿಸುತ್ತಿದ್ದ. ಮತ್ತೆ ಇಪ್ಪತ್ತೊಂದು ದಿನ. ಹೀಗೆ ಎರಡೂವರೆ ವರ್ಷ ಕಡಸು ಹಿಂಡಿ ತಿಂದುಕೊಂಡು ಬರಿದೇ ನಿಂತಿತು.

"ಒಬ್ಬರು ಕೆಲಸ ಬಿಡಬೇಕು," ಎಂದು ನಳಿನಾಕ್ಷಿ ಒಮ್ಮೆ ನನ್ನೆದುರೇ ಹೇಳಿದರು. "ನಾನು ಬಿಡ್ತೇನೆ ಜನಾರ್ದನಣ್ಣ. ಇವರಿಗೆ ಹೇಳಿ."

"ನಿನ್ನ ಸಂಬಳ ಬಿಟ್ಟರೆ ನಾಳೆ ನನ್ನ ಕಣ್ಣು ಹೋದ ಮೇಲೆ ಉಳಿಯುವುದು ಎಂತ? ಬಿಡುವುದಾದರೆ ನಾನು ಬಿಡಬೇಕು."

"ಹಾಗಾದರೆ ನೀವು ಬಿಡಿ."

"ಕಾಣುವಷ್ಟು ದಿನದ ಸಂಬಳ ಬಿಡುವುದಾ? ಎರಡು ದನವಾದರೂ ಹಾಲು ಕರೆಯಲಿ, ಬಿಡ್ತೇನೆ."

ಅಲ್ಲಿಗೆ ಮಾತು ನಿಲ್ಲುತ್ತಿತ್ತು. ದನ ಕರೆಯಬೇಕಾದರೆ ಒಬ್ಬರು ಮನೆಯಲ್ಲಿರಬೇಕು. ಒಬ್ಬರು ಮನೆಯಲ್ಲಿರಬೇಕಾದರೆ ದನ ಕರೆಯುತ್ತಿರಬೇಕು. ಇದನ್ನು ಅವರು ಎಷ್ಟು ಸಲ ಮಾತಾಡಿದ್ದರೋ. ನನ್ನೆದುರು ಆಡುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಎಂಬತ್ತಮೂರರ ಕೊನೆಗೆ, ಶಾಲೆಗೆ ರಜೆಯಿದ್ದ ಒಂದು ದಿನ ಬೆದೆ ಬಂದದ್ದರಿಂದ, ಕಡಸಿಗೆ ಗಬ್ಬ ನಿಂತಿತು. ಮುಂದಿನ ವರ್ಷ ಕರು ಹಾಕಿತು. ಹೆಣ್ಣೇ. ಹಟ್ಟಿಯಲ್ಲಿ ಮತ್ತೆ ಹಾಲು ಬಂತು, ಒಂದು ದನದ್ದು. ಅದೇ ವರ್ಷ ನಮ್ಮ ಪ್ರೆಸ್ಸಿಗೆ ಹೊಸ ಯಂತ್ರ ಬಂತು. ಇಬ್ಬರು ಕೂತು ಓದಿ ತಿದ್ದುವ ಕ್ರಮ ಹೋಯಿತು. ಒಬ್ಬೊಬ್ಬರಿಗೆ ಒಂದೊಂದು ಮೇಜು. ನನ್ನ ಮೇಜಿನಿಂದ ಅವನ ಮೇಜು ಕಾಣುತ್ತಿತ್ತು. ಕಾಗದವನ್ನು ಮೂಗಿಗೆ ತಾಗಿಸಿ ಮೆಲ್ಲಗೆ ಜರುಗಿಸುತ್ತಿದ್ದ. ಒಂದು ಪಠ್ಯಪುಸ್ತಕದಲ್ಲಿ ಎರಡು ಸಾಲು ಇಡಿಯಾಗಿ ಬಿಟ್ಟುಹೋದದ್ದು ಅವನಿಗೆ ತಿಳಿಯದೆ ಅಚ್ಚಾಯಿತು. ಮೇಲಿನವರು ಕೂಗಾಡಲಿಲ್ಲ. ಕರೆದು ಕೂರಿಸಿ ಕಾಫಿ ತರಿಸಿ ಕೇಳಿದರು. ಅವನು ಇದ್ದದ್ದು ಇದ್ದ ಹಾಗೆ ಹೇಳಿದ. ಎಂಬತ್ತೈದರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟ. ಅವನನ್ನು ಇನ್ನಂಜೆಯವರೆಗೆ ಬಿಟ್ಟು ಬಂದೆ. ದಾರಿಯಲ್ಲಿ, "ಈಗ ಹಗಲು ಮನೆಯಲ್ಲಿ ಜನ ಆಯ್ತು," ಎಂದ.

ಆಮೇಲಿನ ಒಂದೂವರೆ ವರ್ಷ ಅವನು ಚೆನ್ನಾಗಿದ್ದ ಎಂದು ನನ್ನ ಲೆಕ್ಕ. ಬಾವಿಕಟ್ಟೆಯಿಂದ ಹಟ್ಟಿಗೆ ಒಂದು ಹಗ್ಗ ಕಟ್ಟಿಕೊಂಡಿದ್ದ. ಹಿಂಡಿ, ತೌಡು, ನೀರು ಎಲ್ಲದಕ್ಕೂ ಜಾಗ ಗೊತ್ತು. ನಾನು ಭಾನುವಾರ ಹೋದಾಗ ಹಾಲು ಕರೆಯುತ್ತಲೇ ಮಾತಾಡುತ್ತಿದ್ದ. ಪಾತ್ರೆಗೆ ಬೀಳುವ ಶಬ್ದ ಕೇಳಿ ಎಷ್ಟಾಯಿತೆಂದು ಹೇಳುತ್ತಿದ್ದ, ತಪ್ಪುತ್ತಿರಲಿಲ್ಲ. ಇನ್ನೆರಡು ವರ್ಷದಲ್ಲಿ ಆ ಕರುವೂ ಕರೆಯುತ್ತದೆ ಎನ್ನುತ್ತಿದ್ದ. ನಾಲ್ಕು ಎಂಬ ಮಾತು ಬಿಟ್ಟಿದ್ದ. ಎರಡಾದರೆ ಸಾಕು ಎನ್ನುತ್ತಿದ್ದ.

ಎಂಬತ್ತಾರರ ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ಅವನ ಜೊತೆ ನಾನೂ ಸೊಸೈಟಿಗೆ ಹೋಗಿದ್ದೆ. ಹತ್ತು ಹದಿನೈದು ಜನ ಕ್ಯಾನು ಹಿಡಿದು ನಿಂತಿದ್ದರು. ಹಾಲು ಅಳೆಯುತ್ತಿದ್ದವನು ಹಯಗ್ರೀವ, ಹೆಜಮಾಡಿಯ ಹುಡುಗ, ನಳಿನಾಕ್ಷಿಯ ಹಳೆಯ ವಿದ್ಯಾರ್ಥಿ. ಕೃಷ್ಣರಾಜನ ಕ್ಯಾನಿನ ಮುಚ್ಚಳ ತೆಗೆದು ಸೌಟು ಹಾಕಿದವನು ಅಳೆಯುವುದನ್ನು ನಿಲ್ಲಿಸಿದ.

"ಎಂತ ಹಯಗ್ರೀವ?"

"ಕೃಷ್ಣಣ್ಣ, ಸ್ವಲ್ಪ ಈಚೆ ಬನ್ನಿ."

"ಇಲ್ಲೇ ಹೇಳು ಮಾರಾಯ. ನೀರು ಹಾಕಿದ್ದೇನೆ ಅಂತ ಕಾಣ್ತದಾ?"

"ನೀರಲ್ಲ. ಹಾಲು ಕೆಂಪಾಗಿ ಉಂಟು. ಹೆಪ್ಪಿನ ಹಾಗೆ ಗಂಟು ಗಂಟು ಸಹ ಉಂಟು." ಅವನು ತೀರಾ ಮೆಲ್ಲಗೆ ಹೇಳಿದ್ದ, ಆದರೆ ಎಲ್ಲರಿಗೂ ಕೇಳಿಸಿತು. "ಎರಡು ದಿನದಿಂದ ಸ್ವಲ್ಪ ಹಾಗೆ ಇತ್ತು. ನಾನು ಸೋಸಿ ತೆಗೆದುಕೊಂಡೆ. ಇವತ್ತು ಆಗುವುದಿಲ್ಲ."

ನಾನು ಅವನೊಟ್ಟಿಗೇ ಬಂದಿದ್ದೆ. ಕ್ಯಾನು ನಾನೇ ಹಿಡಿದಿದ್ದೆ. ಮುಚ್ಚಳ ತೆಗೆದು ನೋಡಬೇಕೆಂದು ನನಗೂ ಹೊಳೆದಿರಲಿಲ್ಲ.

ಅದು ಕೆಚ್ಚಲು ಬಾವು. ಬೇನೆ ಬಲಿತರೆ ಕೆಚ್ಚಲು ಗಟ್ಟಿಯಾಗಿ ಕೈಗೆ ತಿಳಿಯುತ್ತದೆ. ಆದರೆ ಶುರುವಿನಲ್ಲಿ ಕೈಗೆ ಏನೂ ತಿಳಿಯುವುದಿಲ್ಲ, ದನವೂ ಒದೆಯುವುದಿಲ್ಲ. ಕರೆಯುವ ಮೊದಲು ನಾಲ್ಕೂ ಮೊಲೆಯ ಮೊದಲ ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಹಿಡಿದು ಗಂಟು ಇದೆಯೇ, ಬಣ್ಣ ಕೆಟ್ಟಿದೆಯೇ ಎಂದು ದಿನಾ ನೋಡಬೇಕು ಎಂದು ಪಶುವೈದ್ಯರು ಹೇಳಿದರು. ಕಂಡ ದಿನವೇ ಮದ್ದು ಹಾಕಿದರೆ ಉಳಿಯುತ್ತದೆ. ಆಗಲೇ ಮೂರು ಮೊಲೆ ಕೆಟ್ಟಿತ್ತು. ಅವು ಮತ್ತೆ ಹಾಲು ಕೊಡಲಿಲ್ಲ.

ವೈದ್ಯರು ಹೋದ ಮೇಲೆ ಕೃಷ್ಣರಾಜ ಹಟ್ಟಿಯ ಮೆಟ್ಟಿಲ ಮೇಲೆ ಕೂತ. ಅಲ್ಲಿಂದಲೇ ಹೇಳಿದ. "ಕಣ್ಣಿಲ್ಲದವ ಮಾಡಬಹುದಾದದ್ದು ಎಂತ ಉಂಟು ಅಂತ ಹತ್ತು ವರ್ಷ ಹಿಂದೆ ಎಲ್ಲ ಲೆಕ್ಕ ಹಾಕಿ ಇದೊಂದನ್ನು ಹುಡುಕಿದ್ದೆ. ಇದಕ್ಕೂ ಕಣ್ಣು ಬೇಕಂತೆ."

"ನಾನು ನೋಡ್ತೇನೆ," ಎಂದರು ನಳಿನಾಕ್ಷಿ. "ಬಸ್ಸಿಗೆ ಹೋಗುವ ಮೊದಲು ನಾನೇ ನೋಡ್ತೇನೆ."

"ಬೆಳಗ್ಗಿನದ್ದು ನೋಡ್ತಿ. ಸಂಜೆಯದ್ದು ಕರೆಯುವುದು ನಾಲ್ಕಕ್ಕೆ. ನೀನು ಬರುವುದು ಆರೂವರೆಗೆ."

ಮುಂದಿನ ತಿಂಗಳು ದನವನ್ನೂ ಅದರ ಕಡಸನ್ನೂ ಭೋಜನಿಗೆ ಕೊಟ್ಟ. ಸಗಣಿ ಗೊಬ್ಬರಕ್ಕಾದರೂ ಆದೀತು ಎಂದು ಭೋಜ ಹೊಡೆದುಕೊಂಡು ಹೋದ. ಕನಿಕರದಿಂದ ಒಯ್ದನೆಂದು ಕೃಷ್ಣರಾಜನಿಗೆ ಅನ್ನಿಸಬಾರದೆಂದು ಹಾಗೆ ಹೇಳಿದನೆಂದು ನನಗೆ ಗೊತ್ತು.

ಆಮೇಲೆ ಅವನು ಚಾವಡಿಯಲ್ಲಿ ಕೂತಿರುತ್ತಿದ್ದ. ರೇಡಿಯೋ ಇತ್ತು, ಹಾಕುತ್ತಿರಲಿಲ್ಲ. ನಾನು ಪುಸ್ತಕ ಓದಿ ಹೇಳುತ್ತೇನೆ ಎಂದರೆ, "ನಿನಗೆ ದಿನವಿಡೀ ಅದೇ ಕೆಲಸ, ಬೇಡ," ಎನ್ನುತ್ತಿದ್ದ. ಪ್ರತಿ ಭಾನುವಾರ ಹೋಗುತ್ತಿದ್ದವನು ನಾನು ತಿಂಗಳಿಗೊಮ್ಮೆ ಹೋಗತೊಡಗಿದೆ. ಹೋದರೆ ಮಾತಿರಲಿಲ್ಲ ಎನ್ನುವುದು ನಾನು ನನಗೇ ಹೇಳಿಕೊಂಡ ಕಾರಣ.

ಕಳೆದ ವರ್ಷ ಮೇ ತಿಂಗಳಲ್ಲಿ ಅವನಿಗೆ ಊಟ ಸೇರದಾಯಿತು. ಕಣ್ಣು ಹಳದಿಯಾದದ್ದನ್ನು ಮೊದಲು ಕಂಡವಳು ಚಂಪಾ. ಊರಿನ ಮದ್ದು ಎರಡು ವಾರ ಮಾಡಿದರು. ಮಣಿಪಾಲಕ್ಕೆ ತರುವಾಗ ಪ್ರಜ್ಞೆ ತಪ್ಪುತ್ತಿತ್ತು. ನಾನು ಹಾಸಿಗೆಯ ಬಳಿ ನಿಂತು ಹೆಸರು ಹೇಳಿದೆ. ಅವನು ತಲೆ ತಿರುಗಿಸಿ, "ಎಷ್ಟು ಗಂಟೆ?" ಎಂದು ಕೇಳಿದ. ಹತ್ತೂವರೆ ಎಂದೆ. "ಬೆಳಿಗ್ಗೆಯಾ?" ಎಂದ. ಹೌದು ಎಂದೆ. ಅದೇ ಕೊನೆ.

ಹೋದ ತಿಂಗಳು ಇನ್ನಂಜೆಗೆ ಹೋಗಿದ್ದೆ. ನಳಿನಾಕ್ಷಿ ಶಾಲೆಯಿಂದ ಬಂದು ಅರ್ಧ ಗಂಟೆಯಾಗಿತ್ತಷ್ಟೆ. ನಾನು ಕೂತಿದ್ದಾಗಲೇ ಭೋಜ ಬಂದು ಅಂಗಳದಲ್ಲಿ ನಿಂತ. ಆ ಕಡಸು ಕೊನೆಗೂ ಈಗ ಗಬ್ಬವಾಗಿದೆಯಂತೆ, ದೀಪಾವಳಿಯ ಹೊತ್ತಿಗೆ ಕರು ಹಾಕುತ್ತದಂತೆ.

"ಟೀಚರ್, ಕರು ಹಾಕಿದ ಮೇಲೆ ಇಲ್ಲಿಗೇ ತಂದು ಕಟ್ಟುತ್ತೇನೆ. ಅದು ಈ ಹಟ್ಟಿಯದ್ದೇ. ದುಡ್ಡು ಕಾಸು ಎಂತ ಬೇಡ. ಭಟ್ರು ಅಷ್ಟು ಆಸೆಯಲ್ಲಿ ಮಾಡಿದ್ದು, ಒಂದಾದರೂ ಇರಲಿ ಅಲ್ವಾ?"

"ಹಗಲು ಮನೆಯಲ್ಲಿ ಯಾರು ಇದ್ದಾರೆ ಭೋಜ?"

ಭೋಜ ನನ್ನ ಮುಖ ನೋಡಿದ. ಆಮೇಲೆ, ಬರುತ್ತೇನೆ ಟೀಚರ್ ಎಂದು ಹೋದ. ನಳಿನಾಕ್ಷಿ ಎದ್ದು ದೀಪ ಹಾಕಿ, ಮಕ್ಕಳ ನೋಟ್‌ಪುಸ್ತಕದ ಕಟ್ಟು ಬಿಚ್ಚಿ ತಿದ್ದಲು ಕೂತರು. ಮರುದಿನವೇ ಹಿಂದಿರುಗಿಸಬೇಕಾದವಂತೆ. ನಾನು ಬಸ್ಸಿಗೆ ಹೊರಟೆ.